ಗೋಡೆಯ ಕರೆಂಟು, ಗುಜರಿಯ ಮೋಟರು

ಸಂಕ್ರಾಂತಿ ಕಳೆದ ವಾರ. ರಾಣೆಬೆನ್ನೂರಿನಿಂದ ಹೊರಟ ಬಸ್ಸು ಮೇಡ್ಲೇರಿಯಲ್ಲಿ ನನ್ನನ್ನಿಳಿಸಿ ಧೂಳೆಬ್ಬಿಸಿಕೊಂಡು ಮುಂದಕ್ಕೆ ಹೋಯಿತು. ಊರಿನ ಸುತ್ತ ಗೋವಿನಜೋಳ ಕಟಾವಾಗಿ ಬೋಳಾದ ಹೊಲಗಳು. ಚಳಿ ಇನ್ನೂ ಬಿಟ್ಟಿರಲಿಲ್ಲ. ಚಹಾದಂಗಡಿಯ ಮುಂದಿನ ಕಟ್ಟೆಯ ಮೇಲೆ ಕಂಬಳಿ ಹೊದ್ದ ಹಿರಿಯರು ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಬ್ಯಾಡಗಿ ಪೇಟೆಗೆ ಹೊರಟಿದ್ದ ಟೆಂಪೊವೊಂದು ಹಾದುಹೋಯಿತು. ಅದರ ಮೇಲೆ ಒಟ್ಟಿದ್ದ ಮೆಣಸಿನಕಾಯಿ ಚೀಲಗಳ ಘಾಟಿಗೆ ಕಟ್ಟೆಯ ಮೇಲಿದ್ದವರೆಲ್ಲ ಒಬ್ಬರಾದ ಮೇಲೊಬ್ಬರು ಸೀನಿದರು.

ನಾನು ಹುಡುಕಿಕೊಂಡು ಬಂದದ್ದು ಒಂದು ವೈಂಡಿಂಗ್ ಅಂಗಡಿಯನ್ನು. ಹುಡುಕುವ ಶ್ರಮವೇನೂ ಬೀಳಲಿಲ್ಲ. ಬೋರ್ಡು ಕಾಣುವ ಮೊದಲೇ ವಾರ್ನಿಷ್ ವಾಸನೆ ಕರೆದುಕೊಂಡು ಹೋಯಿತು. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆ. ಗೋಡೆಗೆ ಹೊಡೆದ ಮೊಳೆಗಳ ಮೇಲೆ ತಾಮ್ರದ ತಂತಿಯ ಸುರುಳಿಗಳು, ಹಳದಿ ಬಣ್ಣದ ಸ್ಲೀವ್‌ಗಳು. ನೆಲದ ತುಂಬ ಸುಟ್ಟ ಮೋಟರುಗಳು. ಕೆಲವು ಕೊಳವೆಬಾವಿಯಿಂದ ಎತ್ತಿ ತಂದ ಉದ್ದನೆಯ ಸಬ್‌ಮರ್ಸಿಬಲ್‌ಗಳು, ಕೆಲವು ಹಿಟ್ಟಿನ ಗಿರಣಿಯವು. ಒಂದು ಮೂಲೆಯಲ್ಲಿ ಹೊಸದಾಗಿ ಸುತ್ತಿದ ಸ್ಟೇಟರೊಂದರ ಹೊಟ್ಟೆಯೊಳಗೆ ಬಲ್ಬು ಉರಿಯುತ್ತಿತ್ತು. ವಾರ್ನಿಷ್ ಒಣಗಲಿ ಎಂದು ಇಟ್ಟ ಬೆಚ್ಚನೆಯ ದೀಪ, ಕೋಳಿಮರಿಗಳಿಗೆ ಇಡುತ್ತಾರಲ್ಲ, ಹಾಗೆ.

ಮಿಸ್ತ್ರಿ ಮುಂಡಾಸು ಬಿಗಿದುಕೊಂಡು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಐವತ್ತರ ಆಚೀಚಿನ ವಯಸ್ಸು. ಬೆರಳ ತುದಿಗಳು ತಂತಿ ಎಳೆದೆಳೆದು ಗಟ್ಟಿಯಾಗಿದ್ದವು. ಅವರ ಮುಂದೆ ಗೋಣಿತಾಟಿನ ಮೇಲೆ ಒಂದು ಸಣ್ಣ ಮೋಟರು. ಅದರ ಪಕ್ಕದಲ್ಲಿ ಐಟಿಐ ಓದುವ ಹುಡುಗ, ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ತಲೆ ತಗ್ಗಿಸಿ ಕೂತಿದ್ದ.

“ಏನ್ ಮಾಡೀದಿ ಇದಕ್ಕ?”

“ಪಿನ್ನಿಗೆ ವೈರ್ ಹಾಕಿ ಗ್ವಾಡಿ ಪ್ಲಗ್ಗಿಗೆ ಚುಚ್ಚಿದ್ನಿರಿ. ಗುಂಯ್ ಅಂತು. ತಿರಗಲಿಲ್ಲ. ಕಾರ್ಬನ್ ಹತ್ರ ಕಿಡಿ ಬಂತು. ಹೊಗಿ ವಾಸನಿ ಬಂದಕೂಡ್ಲೆ ತಗದ್ನಿ.”

“ಲಗೂನ ತಗದಿ, ಪುಣ್ಯಾ ಬಂತು.”

ಹುಡುಗನ ಮನೆಯಲ್ಲಿ ಕಂಬಳಿ ನೇಯುತ್ತಾರೆ. ರಾಣೆಬೆನ್ನೂರು ಸೀಮೆಯ ಹಾಲುಮತದ ಮನೆಗಳಿಗೆ ಕುರಿ, ಉಣ್ಣೆ, ಕುಣಿಮಗ್ಗ ಹೊಸವಲ್ಲ. ಗಂಡಸರು ನೇಯುತ್ತಾರೆ, ಹೆಂಗಸರು ರಾಟೆಯಲ್ಲಿ ನೂಲು ತೆಗೆದು ಕಂಡಿಕೆ ಸುತ್ತುತ್ತಾರೆ. ಈ ಮನೆಯಲ್ಲಿ ಕಂಡಿಕೆ ಸುತ್ತುವವರು ಅಜ್ಜಿ. ಅವರ ಬಲ ಭುಜ ಈಗ ಮೇಲೇಳುವುದಿಲ್ಲ. ಅಜ್ಜಿಗೆ ಒಂದು ಮೋಟರ್ ರಾಟೆ ಮಾಡಿಕೊಡಬೇಕೆಂದು ಮೊಮ್ಮಗ ಹರಿಹರದ ಗುಜರಿಯಿಂದ ಈ ಮೋಟರನ್ನು ತೂಕದ ಲೆಕ್ಕದಲ್ಲಿ ತಂದಿದ್ದ. ಹರಿಹರ ಲೇತುಗಳನ್ನು ತಯಾರಿಸಿದ ಊರು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1941ರಲ್ಲಿ ಅಲ್ಲಿ ಹುಟ್ಟಿ, ಅದರ ಸುತ್ತ ಸಣ್ಣ ಸಣ್ಣ ವರ್ಕ್‌ಶಾಪುಗಳು ಬೆಳೆದವು. ಅಂಥ ಊರಿನ ಗುಜರಿಯಲ್ಲಿ ಇಂದಿಗೂ ಒಳ್ಳೆಯ ಕಬ್ಬಿಣ ಸಿಗುತ್ತದೆ.

ಮಿಸ್ತ್ರಿ ಸೀಮೆಎಣ್ಣೆ ಬಟ್ಟೆಯಿಂದ ಮೋಟರಿನ ಬೆನ್ನು ಒರೆಸಿದರು. ಜಿಡ್ಡಿನ ಕೆಳಗಿಂದ ಹಿತ್ತಾಳೆಯ ಫಲಕ ಎದ್ದು ಬಂತು. ಕನ್ನಡಕ ಮೂಗಿನ ತುದಿಗೆ ಇಳಿಸಿ ಒಂದೊಂದೇ ಅಕ್ಷರ ಓದಿದರು: ಕಾಲು ಎಚ್.ಪಿ., 220 ವೋಲ್ಟ್, ನಿಮಿಷಕ್ಕೆ 1500 ಸುತ್ತು. ಅದರ ಕೆಳಗೆ ಎರಡು ಪದ: ಡಿ.ಸಿ., ಶಂಟ್.

“ಇದನ್ನ ಮದ್ಲ ಓದಬೇಕಿತ್ತಪಾ. ಇದು ತನ್ನ ಊಟ ಏನಂತ ಬೆನ್ನಮ್ಯಾಲ ಬರಕೊಂಡು ಬಂದೈತಿ. ನೀ ಕೇಳಲಾರದ ಬಡಿಸಿದಿ.”

*

ಗೋಡೆಯ ಪ್ಲಗ್ಗಿನಲ್ಲಿ ಬರುವುದು 230 ವೋಲ್ಟಿನ ಎ.ಸಿ., ಅಂದರೆ ಪರ್ಯಾಯ ವಿದ್ಯುತ್. ಸೆಕೆಂಡಿಗೆ 50 ಸಲ ಹೋಗಿ ಬರುವ ಕರೆಂಟು. ಉಯ್ಯಾಲೆಯ ಹಾಗೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಡಿ.ಸಿ. ಹಾಗಲ್ಲ. ಅದು ಕಾಲುವೆಯ ನೀರು, ಒಂದೇ ದಿಕ್ಕಿಗೆ ಹರಿಯುತ್ತದೆ. ಟಾರ್ಚಿನ ಸೆಲ್ಲು, ಟ್ರ್ಯಾಕ್ಟರಿನ ಬ್ಯಾಟರಿ, ಮನೆಯ ಮೇಲಿನ ಸೋಲಾರ್ ಹಲಗೆ ಕೊಡುವುದೆಲ್ಲ ಡಿ.ಸಿ.

ಮಿಸ್ತ್ರಿ ಮೋಟರಿನ ಮುಚ್ಚಳ ಬಿಚ್ಚಿ ಒಳಗಿನ ಎರಡು ಭಾಗಗಳನ್ನು ತೋರಿಸಿದರು. ಹೊರಗಿನ ಗೋಡೆಗೆ ಅಂಟಿದ ಸುರುಳಿಗಳು ಫೀಲ್ಡ್. ಅವು ಅಯಸ್ಕಾಂತದ ಕ್ಷೇತ್ರ ಕಟ್ಟುತ್ತವೆ. ನಡುವೆ ತಿರುಗುವುದು ಆರ್ಮೇಚರ್. ಅದರ ಕೊನೆಯಲ್ಲಿ ತಾಮ್ರದ ಪಟ್ಟಿಗಳ ಉರುಳೆ, ಕಮ್ಯುಟೇಟರ್. ಅದರ ಮೇಲೆ ಸ್ಪ್ರಿಂಗಿನಿಂದ ಒತ್ತಿ ಕೂತ ಎರಡು ಕಾರ್ಬನ್ ಬ್ರಷ್. ಶಂಟ್ ಎಂದರೆ ಫೀಲ್ಡ್ ಮತ್ತು ಆರ್ಮೇಚರ್ ಒಂದೇ ಸಪ್ಲೈಗೆ ಅಕ್ಕಪಕ್ಕದಲ್ಲಿ ಜೋಡಣೆಯಾಗಿರುವುದು, ಒಂದೇ ಕಾಲುವೆಯಿಂದ ಎರಡು ಹೊಲಕ್ಕೆ ಬೇರೆ ಬೇರೆ ಮಡೆ ತೆಗೆದ ಹಾಗೆ.

ಮೀಟರ್ ಹಿಡಿದು ಅಳೆದರು. ಫೀಲ್ಡಿನ ಎರಡು ತುದಿಗಳ ನಡುವೆ 700 ಓಮ್. ಕೂದಲಿನಂಥ ತೆಳು ತಂತಿ, ಸಾವಿರಾರು ಸುತ್ತು. ಆರ್ಮೇಚರಿನಲ್ಲಿ ಬರೀ 15 ಓಮ್. ದಪ್ಪ ತಂತಿ, ಕೆಲವೇ ಸುತ್ತು.

“ಎಲ್ಲಾ ಬಿಗಡಾಯಿಸಿದ್ದು ಈ ಅಂತರದಾಗ,” ಎಂದರು.

ಎ.ಸಿ.ಯಲ್ಲಿ ಕರೆಂಟು ದಿಕ್ಕು ಬದಲಿಸಿದಾಗ ಫೀಲ್ಡಿನ ದಿಕ್ಕೂ ಆರ್ಮೇಚರಿನ ದಿಕ್ಕೂ ಒಟ್ಟಿಗೆ ಬದಲಾದರೆ ತೊಂದರೆಯಿಲ್ಲ. ಎರಡೂ ತಿರುಗಿದರೆ ನೂಕುವ ದಿಕ್ಕು ಮೊದಲಿನದೇ ಉಳಿಯುತ್ತದೆ. ನಮ್ಮ ಅಡುಗೆಮನೆಯ ಮಿಕ್ಸಿ ಕೆಲಸ ಮಾಡುವುದು ಹೀಗೆಯೇ. ಅದರಲ್ಲೂ ಕಾರ್ಬನ್, ಕಮ್ಯುಟೇಟರ್ ಇವೆ. ಆದರೆ ಅದು ಸೀರೀಸ್ ಮೋಟರು. ಒಂದೇ ಕರೆಂಟು ಫೀಲ್ಡನ್ನೂ ಆರ್ಮೇಚರನ್ನೂ ಸಾಲಾಗಿ ದಾಟುವುದರಿಂದ ಇಬ್ಬರ ಹೆಜ್ಜೆ ತಪ್ಪುವುದಿಲ್ಲ. ಅದರ ಕಬ್ಬಿಣವೂ ತೆಳು ತಗಡುಗಳನ್ನು ಜೋಡಿಸಿ ಮಾಡಿದ್ದು.

ಶಂಟ್ ಮೋಟರಿನಲ್ಲಿ ಹೆಜ್ಜೆ ತಪ್ಪುತ್ತದೆ. ಸಾವಿರಾರು ಸುತ್ತಿನ ಫೀಲ್ಡು ಬದಲಾವಣೆಯನ್ನು ತಡೆಯುವ ಸ್ವಭಾವದ್ದು. ಡಿ.ಸಿ.ಗೆ 700 ಓಮ್ ಆಗಿ ಕಂಡದ್ದು ಎ.ಸಿ.ಗೆ ಹಲವು ಸಾವಿರ ಓಮ್ ಆಗಿ ಎದುರು ನಿಲ್ಲುತ್ತದೆ. ಹೀಗಾಗಿ ಅದರಲ್ಲಿ ಕರೆಂಟು ಹರಿಯುವುದೇ ಕಡಿಮೆ, ಹರಿದದ್ದೂ ಹೆಚ್ಚುಕಡಿಮೆ ಕಾಲು ಸುತ್ತು ತಡವಾಗಿ ಬರುತ್ತದೆ. ಆರ್ಮೇಚರ್ ನೂಕಲು ಸಿದ್ಧವಾದಾಗ ಕ್ಷೇತ್ರವಿಲ್ಲ, ಕ್ಷೇತ್ರ ಬಂದಾಗ ಆರ್ಮೇಚರಿನ ಕರೆಂಟು ಇಳಿದಿದೆ. ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ನೂಕಿಸಿಕೊಂಡು ಮೋಟರು ನಿಂತಲ್ಲೇ ನಡುಗುತ್ತದೆ. ಹುಡುಗ ಕೇಳಿದ ‘ಗುಂಯ್’ ಅದೇ. ತಿರುಗದ ಆರ್ಮೇಚರ್ ಸಿಕ್ಕಷ್ಟು ಕರೆಂಟು ನುಂಗಿ ಕಾಯುತ್ತದೆ. ಇಡೀ ಕಬ್ಬಿಣದ ಗಟ್ಟಿ ಚೌಕಟ್ಟೂ ಅದರ ಜೊತೆ ಕಾಯುತ್ತದೆ.

“ಮೋಟರ್ ಕೆಟ್ಟಿಲ್ಲ. ನೀ ಕೊಟ್ಟ ಕರೆಂಟ್ ಇದರದಲ್ಲ, ಅಷ್ಟ,” ಎಂದು ಮಿಸ್ತ್ರಿ ಹೇಳಿದಾಗ ಹುಡುಗ ಮೊದಲ ಸಲ ತಲೆ ಎತ್ತಿದ.

*

ಗೋಡೆಯ ಎ.ಸಿ.ಯನ್ನು ಡಿ.ಸಿ. ಮಾಡಬೇಕು. ಒಂದು ಕಾಲಕ್ಕೆ ಇದು ದೊಡ್ಡ ಕೆಲಸ. ಒಂದು ಎ.ಸಿ. ಮೋಟರಿನಿಂದ ಇನ್ನೊಂದು ಡಿ.ಸಿ. ಡೈನಮೊ ತಿರುಗಿಸುತ್ತಿದ್ದರು. ಇಲ್ಲವೇ ಗಾಜಿನ ಬುರುಡೆಯೊಳಗೆ ಪಾದರಸದ ಆವಿ ನೀಲಿಯಾಗಿ ಉರಿಯುವ ದೊಡ್ಡ ರೆಕ್ಟಿಫೈಯರುಗಳನ್ನು ಇಡುತ್ತಿದ್ದರು. ಮಿಸ್ತ್ರಿ ಡಬ್ಬಿಯಿಂದ ತೆಗೆದದ್ದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಚೌಕ ಲೋಹದ ತುಂಡು. ನಾಲ್ಕು ಕಾಲು, ನಡುವೆ ಒಂದು ತೂತು. ಮೇಲೆ ಕೆಬಿಪಿಸಿ-3510 ಎಂದು ಬರೆದಿತ್ತು. 35 ಆಂಪಿಯರ್, 1000 ವೋಲ್ಟ್ ತಡೆಯುವ ಸಿಲಿಕಾನ್ ಬ್ರಿಜ್. ವೆಲ್ಡಿಂಗ್ ಯಂತ್ರ, ಬ್ಯಾಟರಿ ಚಾರ್ಜರುಗಳಲ್ಲೆಲ್ಲ ಕಾಣುವ ಸಾಮಾನು.

ಅದರೊಳಗೆ ನಾಲ್ಕು ಡಯೋಡುಗಳಿವೆ. ಡಯೋಡು ಒಂದೇ ಕಡೆ ತೆರೆಯುವ ಬಾಗಿಲು. ಬಾವಿಯ ಪೈಪಿನ ತುದಿಗೆ ಹಾಕುವ ಫುಟ್‌ವಾಲ್ವ್ ನೀರನ್ನು ಮೇಲೆ ಬಿಟ್ಟು ಕೆಳಗೆ ಬಿಡುವುದಿಲ್ಲವಲ್ಲ, ಅದೇ ಕೆಲಸ. ನಾಲ್ಕು ಬಾಗಿಲುಗಳನ್ನು ಸರಿಯಾಗಿ ಜೋಡಿಸಿದರೆ ಕರೆಂಟು ಗೋಡೆಯಿಂದ ಯಾವ ದಿಕ್ಕಿನಲ್ಲಿ ಬಂದರೂ ಮೋಟರಿನ ಕಡೆಗೆ ಒಂದೇ ದಿಕ್ಕಿನಲ್ಲಿ ಹೊರಡುತ್ತದೆ. ಹಿಂದಕ್ಕೆ ಹೋಗುವ ಅರ್ಧ ಅಲೆಯೂ ಮುಂದಕ್ಕೆ ಮಡಚಿಕೊಳ್ಳುತ್ತದೆ. ಸೆಕೆಂಡಿಗೆ 50 ಹೋಗಿಬರುವಿಕೆ 100 ಮಿಡಿತಗಳಾಗುತ್ತವೆ. ಎಲ್ಲವೂ ಒಂದೇ ಕಡೆಗೆ.

ಲೆಕ್ಕ ಸೊಗಸಾಗಿ ಕೂಡಿಬರುತ್ತದೆ. 230 ವೋಲ್ಟ್ ಎ.ಸಿ.ಯನ್ನು ಹೀಗೆ ಮಡಚಿದರೆ ಸರಾಸರಿ 207 ವೋಲ್ಟ್ ಡಿ.ಸಿ. ಸಿಗುತ್ತದೆ. 220 ವೋಲ್ಟಿನ ಮೋಟರಿಗೆ ಅದು ಸಾಕು, ವೇಗ ಅಷ್ಟಿಷ್ಟು ಇಳಿದೀತು. 110 ವೋಲ್ಟಿನ ಮೋಟರಾಗಿದ್ದರೆ ನಡುವೆ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತಿತ್ತು.

“ಕೆಪಾಸಿಟರ್ ಹಾಕಬೇಕಲ್ರಿ? ನಮ್ಮ ಬುಕ್ಕಿನ್ಯಾಗ ಐತಿ,” ಎಂದ ಹುಡುಗ.

ಮಿಸ್ತ್ರಿ ತಲೆಯಾಡಿಸಿದರು. ರೇಡಿಯೊಗೆ ಹಾಕಬೇಕು, ಇಲ್ಲಿ ಬೇಡ. ದೊಡ್ಡ ಕೆಪಾಸಿಟರ್ ಅಲೆಯ ತುದಿಯನ್ನೇ ಹಿಡಿದಿಟ್ಟುಕೊಳ್ಳುತ್ತದೆ. 230ರ ತುದಿ 325 ವೋಲ್ಟ್. ಸದಾ ಅಷ್ಟು ವೋಲ್ಟ್ ಬಿದ್ದರೆ 220 ವೋಲ್ಟಿನ ಈ ಮೋಟರಿನ ಸುರುಳಿಗಳು ಮಿತಿಮೀರಿ ಬಿಸಿಯಾಗುತ್ತವೆ. ಸಾಲದ್ದಕ್ಕೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಕರೆಂಟು ಇಟ್ಟುಕೊಂಡು ಕಾಯುತ್ತದೆ. ಮುಟ್ಟಿದವರ ಪ್ರಾಣಕ್ಕೆ ಸಂಚಕಾರ. ಇನ್ನು ಮಿಡಿತವನ್ನು ನಯ ಮಾಡುವ ಕೆಲಸಕ್ಕೆ ಫೀಲ್ಡ್ ಸುರುಳಿಯೇ ಇದೆ. ಎ.ಸಿ.ಯಲ್ಲಿ ಯಾವ ಸ್ವಭಾವ ಕಾಟ ಕೊಟ್ಟಿತೋ ಅದೇ ಸ್ವಭಾವ ಇಲ್ಲಿ ಉಪಕಾರಕ್ಕೆ ಬರುತ್ತದೆ. ಬದಲಾವಣೆಯನ್ನು ತಡೆಯುವ ಸುರುಳಿ ಮಿಡಿತಗಳನ್ನು ತುಂಬಿಸಿಕೊಂಡು ಕರೆಂಟನ್ನು ಒಂದೇ ಸಮ ಹರಿಸುತ್ತದೆ.

ಈ ಎ.ಸಿ., ಡಿ.ಸಿ. ಪಾಠವನ್ನು ನಮ್ಮ ರಾಜ್ಯ ಭಾರಿ ಪ್ರಮಾಣದಲ್ಲಿ ಕಲಿತಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ದೂರ ವಿದ್ಯುತ್ ಹರಿದದ್ದು ಎ.ಸಿ.ಯಾಗಿ, ಸೆಕೆಂಡಿಗೆ 25 ಆವರ್ತನದಲ್ಲಿ. ಅಷ್ಟು ದೂರ ಸಾಗಿಸಲು ವೋಲ್ಟೇಜನ್ನು ಏರಿಸಿ ಇಳಿಸಬೇಕಿತ್ತು. ಅದು ಆ ಕಾಲಕ್ಕೆ ಎ.ಸಿ.ಯಿಂದ ಮಾತ್ರ ಸಾಧ್ಯವಿತ್ತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಹೊತ್ತಿದ್ದು ಅದೇ ಶಿವನಸಮುದ್ರದ ಕರೆಂಟಿನಿಂದ. ನೂರು ವರ್ಷ ಕಳೆದ ಮೇಲೆ, 2003ರಲ್ಲಿ, ಅದೇ ಕೋಲಾರಕ್ಕೆ ಒಡಿಶಾದ ತಾಲ್ಚೇರಿನಿಂದ ಸುಮಾರು 1,400 ಕಿ.ಮೀ. ದೂರದ ಇನ್ನೊಂದು ಲೈನು ಬಂತು. ಈ ಸಲ ಡಿ.ಸಿ.ಯಾಗಿ, 500 ಕಿಲೊವೋಲ್ಟಿನಲ್ಲಿ. ಅಲ್ಲಿ ಎ.ಸಿ.ಯನ್ನು ಡಿ.ಸಿ. ಮಾಡಿ ಕಳಿಸುತ್ತಾರೆ, ಇಲ್ಲಿ ಡಿ.ಸಿ.ಯನ್ನು ಮತ್ತೆ ಎ.ಸಿ. ಮಾಡಿಕೊಳ್ಳುತ್ತಾರೆ. ಸಿಲಿಕಾನಿನ ಬಾಗಿಲುಗಳು ಅಷ್ಟು ದೊಡ್ಡವೂ ಆಗಬಲ್ಲವು, ಮಿಸ್ತ್ರಿಯ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕವೂ ಆಗಬಲ್ಲವು.

*

ಕರೆಂಟು ಕೊಡುವ ಮುಂಚೆ ಮೋಟರಿನ ಸೇವೆ ನಡೆಯಿತು. ನಾನು ಕೆಳಗೆ ಕೂತು ನೋಡಿದೆ.

ಬ್ರಷ್‌ಗಳನ್ನು ಗೂಡಿನಿಂದ ಹೊರತೆಗೆದರು. ಒಂದು ಜಿಡ್ಡು ಕಟ್ಟಿ ಸಿಕ್ಕಿಕೊಂಡಿತ್ತು. ಅದನ್ನು ಉಜ್ಜಿ, ಗೂಡಿನಲ್ಲಿ ತಾನಾಗಿ ಜಾರುವಂತೆ ಮಾಡಿದರು. ಕಮ್ಯುಟೇಟರಿನ ಕಪ್ಪನ್ನು ನುಣ್ಣನೆಯ ಮರಳುಕಾಗದದಿಂದ ತೆಗೆದರು. ಹುಡುಗ ಎಮರಿ ಕಾಗದ ಚಾಚಿದಾಗ ಅವರ ಕೈ ಅದನ್ನು ಪಕ್ಕಕ್ಕೆ ಸರಿಸಿತು. ಎಮರಿಯ ಪುಡಿ ಕರೆಂಟು ಹರಿಸುತ್ತದೆ, ಪಟ್ಟಿಗಳ ನಡುವೆ ಕೂತರೆ ಶಾರ್ಟ್ ಆಗುತ್ತದೆ. ಆಮೇಲೆ ಮುರಿದ ಗರಗಸದ ಅಲಗಿನ ಚೂರು ಹಿಡಿದು ತಾಮ್ರದ ಪಟ್ಟಿಗಳ ನಡುವಿನ ಮೈಕಾ ಗೆರೆಗಳನ್ನು ಒಂದೊಂದಾಗಿ ಕೆರೆದರು. ಒಂದು ಗೆರೆ, ಊದು. ಇನ್ನೊಂದು ಗೆರೆ, ಊದು. ಕರಿ ಪುಡಿ ಬಿಸಿಲುಕೋಲಿನಲ್ಲಿ ತೇಲಿ ಹೊರಗೆ ಹೋಗುತ್ತಿತ್ತು. ಮುಗಿಯುವ ಹೊತ್ತಿಗೆ ಕಮ್ಯುಟೇಟರು ಹೊಸ ತಂಬಿಗೆಯ ಬಣ್ಣಕ್ಕೆ ಬಂದಿತ್ತು.

ನಂತರ ಜೋಡಣೆ. ಎರಡು ಬ್ರಿಜ್ ಹಾಕಿದರು, ಫೀಲ್ಡಿಗೆ ಒಂದು, ಆರ್ಮೇಚರಿಗೆ ಒಂದು. ಎರಡನ್ನೂ ಅಲ್ಯೂಮಿನಿಯಂ ತಗಡಿಗೆ ಬಿಗಿದರು, ಬಿಸಿ ಅಲ್ಲಿಗೆ ಹರಿದುಹೋಗಲಿ ಎಂದು. ಸ್ವಿಚ್ಚನ್ನು ಬ್ರಿಜ್‌ಗಿಂತ ಮೊದಲು, ಎ.ಸಿ. ಬದಿಯಲ್ಲೇ ಇಟ್ಟರು. ಫೀಲ್ಡಿನ ಡಿ.ಸಿ. ತಂತಿಯನ್ನು ನೇರವಾಗಿ ಕಡಿದರೆ ಅದರಲ್ಲಿ ತುಂಬಿದ ಶಕ್ತಿ ಒಮ್ಮೆಲೇ ಚಿಮ್ಮಿ ದೊಡ್ಡ ಕಿಡಿಯಾಗುತ್ತದೆ. ಸ್ವಿಚ್ ಆಚೆಗಿದ್ದರೆ ಆ ಶಕ್ತಿ ಡಯೋಡುಗಳೊಳಗೇ ಸುತ್ತಿ ತಣ್ಣಗಾಗುತ್ತದೆ. ಮೋಟರಿನ ಮೈಗೆ ದಪ್ಪನೆಯ ಹಸಿರು ತಂತಿ ಬಿಗಿದು ಅರ್ತ್ ಕೊಟ್ಟರು. ನಡುವೆ ಟ್ರಾನ್ಸ್‌ಫಾರ್ಮರ್ ಇಲ್ಲದಿರುವುದರಿಂದ ಒಳಗಿನ ಪ್ರತಿ ತಂತಿಯೂ ಗೋಡೆಯ ಫೇಸಿಗೆ ನೇರ ಸಂಬಂಧಿ. ಡಿ.ಸಿ. ಆಯಿತೆಂದು ಅದು ಮೆತ್ತಗಾಗುವುದಿಲ್ಲ.

ಆರ್ಮೇಚರಿನ ದಾರಿಯಲ್ಲಿ ಒಂದು ಬಲ್ಬು ಕೂರಿಸಿದರು. 200 ವ್ಯಾಟಿನ ಹಳೆಯ ತಂತಿ ಬಲ್ಬು.

“ನೋಡ ಈಗ. ಬಲ್ಬ್ ನಿನಗ ಎಲ್ಲಾ ಹೇಳತೈತಿ.”

ಮೊದಲು ಫೀಲ್ಡ್ ಸ್ವಿಚ್. ಏನೂ ಆಗಲಿಲ್ಲ. ಮಿಸ್ತ್ರಿ ಸ್ಕ್ರೂಡ್ರೈವರನ್ನು ಮೋಟರಿನ ಮೈಗೆ ಹಿಡಿದರು. ಅದು ಟಕ್ಕನೆ ಅಂಟಿಕೊಂಡಿತು. ಕ್ಷೇತ್ರ ಎದ್ದಿತ್ತು. ಆಮೇಲೆ ಆರ್ಮೇಚರ್ ಸ್ವಿಚ್.

ಬಲ್ಬು ಫಳ್ಳನೆ ಹೊತ್ತಿತು. ಕೋಣೆಯ ಗೋಡೆಗಳೆಲ್ಲ ಹಳದಿಯಾದವು. ಮೋಟರಿನ ಅಚ್ಚು ಒಂದು ಕ್ಷಣ ಯೋಚಿಸಿದಂತಿತ್ತು, ಆಮೇಲೆ ಹೊರಳಿತು. ಒಂದು ಸುತ್ತು, ಎರಡು ಸುತ್ತು, ಲೆಕ್ಕಕ್ಕೆ ಸಿಗದಷ್ಟು. ಅದು ಓಟ ಹಿಡಿಯುತ್ತ ಹೋದಂತೆ ಬಲ್ಬು ಇಳಿಯುತ್ತ ಬಂತು. ಹಳದಿ ಕಿತ್ತಳೆಯಾಯಿತು, ಕಿತ್ತಳೆ ಕೆಂಪಾಯಿತು. ಕೊನೆಗೆ ಗಾಜಿನೊಳಗೆ ಒಂದು ಕೆಂಡದ ಎಳೆ ಮಾತ್ರ ಉಳಿಯಿತು. ಮೋಟರು ಸಣ್ಣಗೆ, ಒಂದೇ ಶ್ರುತಿಯಲ್ಲಿ ಹಾಡುತ್ತಿತ್ತು. ಕಾರ್ಬನ್ನಿನ ಹತ್ತಿರ ಕಿಡಿಯಿಲ್ಲ.

ಹುಡುಗ ಬಾಯಿ ತೆರೆದು ಕೂತಿದ್ದ. ಮಿಸ್ತ್ರಿ ಅವನಿಗೆ ಬಿಡಿಸಿ ಹೇಳಿದರು. ತಿರುಗುವ ಮೋಟರು ತಾನೂ ಒಂದು ಡೈನಮೊ. ಸೈಕಲ್ಲಿನ ಗಾಲಿಗೆ ಹಚ್ಚುವ ಡೈನಮೊ ಹೇಗೆ ಕರೆಂಟು ಹುಟ್ಟಿಸುತ್ತದೋ ಹಾಗೆ ಇದೂ ಒಳಗೊಳಗೇ ವೋಲ್ಟೇಜ್ ಹುಟ್ಟಿಸಿ, ಬರುವ ಕರೆಂಟಿಗೆ ಎದುರು ನಿಲ್ಲುತ್ತದೆ. ಪೂರ್ತಿ ಹೊರೆಯಲ್ಲಿ ಓಡುವಾಗ ಬಂದ 207 ವೋಲ್ಟಿನಲ್ಲಿ ಸುಮಾರು 190 ವೋಲ್ಟನ್ನು ಅದೇ ಎದುರು ಹಿಡಿದಿರುತ್ತದೆ. ಉಳಿದ 17 ವೋಲ್ಟು 15 ಓಮಿನಲ್ಲಿ ಒಂದು ಚಿಲ್ಲರೆ ಆಂಪಿಯರ್ ಮಾತ್ರ ಹರಿಸಬಲ್ಲದು. ನಿಂತ ಮೋಟರಿಗೆ ಈ ಎದುರು ಬಲವಿಲ್ಲ. ಬಲ್ಬಿಲ್ಲದೆ ಒಮ್ಮೆಲೇ ಕರೆಂಟು ಬಿಟ್ಟಿದ್ದರೆ ಸುಮಾರು 14 ಆಂಪಿಯರ್ ನುಗ್ಗುತ್ತಿತ್ತು. ಬಲ್ಬು ಆ ನುಗ್ಗನ್ನು ತಾನು ಹೊತ್ತು, ಮೋಟರು ಕಾಲು ಊರುವ ತನಕ ಕಾದು, ಆಮೇಲೆ ತಾನಾಗಿ ತಣ್ಣಗಾಗಿತ್ತು.

ಮಿಸ್ತ್ರಿ ಬಲ್ಬನ್ನು ದಾಟಿಸುವ ಸ್ವಿಚ್ ಒತ್ತಿದರು. ಕೆಂಡದ ಎಳೆ ಆರಿತು. ಮೋಟರಿನ ದನಿ ಇನ್ನೊಂದು ಮೆಟ್ಟಿಲು ಏರಿತು.

ಅಷ್ಟರಲ್ಲಿ ಕರೆಂಟು ಹೋಯಿತು.

ಊರಿನ ಸದ್ದುಗಳೆಲ್ಲ ಒಮ್ಮೆಲೇ ನಿಂತವು. ಹಿಟ್ಟಿನ ಗಿರಣಿ, ಪಕ್ಕದ ಝೆರಾಕ್ಸ್ ಅಂಗಡಿ, ಎಲ್ಲೋ ಹಾಡುತ್ತಿದ್ದ ಸ್ಪೀಕರು. ಮೋಟರು ನಿಧಾನಕ್ಕೆ ಉಸಿರು ಬಿಟ್ಟು ನಿಂತಿತು. ಹುಡುಗ ಎದ್ದು ಹೊರಗೆ ನೋಡಿದ. ಮಿಸ್ತ್ರಿ ಮಾತ್ರ ಕೂತಲ್ಲಿಂದಲೇ ಕೈ ಚಾಚಿ ಮೂರೂ ಸ್ವಿಚ್ ಆರಿಸಿದ ಸದ್ದು ಕೇಳಿಸಿತು, ಟಕ್, ಟಕ್, ಟಕ್.

“ಇದನ್ನ ಮರತ್ರ ಮೋಟರ್ ಹೋತು.”

ಕರೆಂಟು ಮರಳಿ ಬರುವಾಗ ಹೇಳಿ ಬರುವುದಿಲ್ಲ. ಬಲ್ಬು ದಾಟಿಸಿದ ಸ್ವಿಚ್ ಹಾಗೇ ಇದ್ದರೆ, ನಿಂತ ಮೋಟರಿಗೆ ಪೂರ್ತಿ ಏಟು ಬೀಳುತ್ತದೆ. ಇದಕ್ಕೆ ಮದ್ದು ನಮ್ಮ ಪ್ರತಿ ರೈತನ ಪಂಪ್‌ಸೆಟ್ ಪೆಟ್ಟಿಗೆಯಲ್ಲೇ ಇದೆ. ಸ್ಟಾರ್ಟರಿನ ನೋ-ವೋಲ್ಟ್ ಕಾಯಿಲ್. ಕರೆಂಟು ಹೋದ ಕೂಡಲೇ ಅದು ಕೈ ಬಿಡುತ್ತದೆ. ಯಾರಾದರೂ ಬಂದು ಹಸಿರು ಗುಂಡಿ ಒತ್ತುವ ತನಕ ಮೋಟರಿಗೆ ಕರೆಂಟು ಹೋಗಗೊಡುವುದಿಲ್ಲ. ಮಿಸ್ತ್ರಿ ಅಟ್ಟದಿಂದ ಹಳೆಯ ಸ್ಟಾರ್ಟರೊಂದರ ಕಾಯಿಲ್ ಇಳಿಸಿ ಧೂಳು ಕೊಡವಿದರು.

ಇನ್ನೊಂದು ಎಚ್ಚರವನ್ನು ಅವರು ಹುಡುಗನಿಂದ ಮೂರು ಸಲ ಹೇಳಿಸಿದರು. ಓಡುತ್ತಿರುವಾಗ ಫೀಲ್ಡಿನ ತಂತಿ ಸಡಿಲವಾಗಬಾರದು. ಕ್ಷೇತ್ರ ಕಳೆದುಕೊಂಡ ಶಂಟ್ ಮೋಟರಿಗೆ ಎದುರು ವೋಲ್ಟೇಜ್ ಹುಟ್ಟಿಸಲಾಗುವುದಿಲ್ಲ. ಅದನ್ನು ಹುಟ್ಟಿಸುವ ಹಟದಲ್ಲಿ ಅದು ವೇಗ ಏರಿಸುತ್ತಲೇ ಹೋಗುತ್ತದೆ. ಹೊರೆಯಿಲ್ಲದಿದ್ದರೆ ಸುತ್ತಿದ ತಂತಿ ಕಿತ್ತು ಚೂರಾಗಿ ಸಿಡಿಯುವಷ್ಟು. ಅದಕ್ಕಾಗಿಯೇ ಫೀಲ್ಡಿನ ಸ್ಕ್ರೂಗಳಿಗೆ ಅವರು ಎರಡೆರಡು ವಾಷರ್ ಹಾಕಿ, ಬಿಗಿದು, ಮತ್ತೆ ಎಳೆದು ನೋಡಿದರು. ಮೊದಲು ಫೀಲ್ಡ್ ಹಚ್ಚು, ಕೊನೆಗೆ ಫೀಲ್ಡ್ ಆರಿಸು. ಹುಡುಗ ಮಗ್ಗಿಯ ಹಾಗೆ ಒಪ್ಪಿಸಿದ.

*

ಇಷ್ಟೆಲ್ಲ ಯಾಕೆ, ಒಂದು ಸಣ್ಣ ಎ.ಸಿ. ಮೋಟರು ಕೊಂಡರೆ ಆಗುತ್ತಿರಲಿಲ್ಲವೇ ಎಂದು ನಾನು ಕೇಳಿದೆ. ಉತ್ತರ ಅಂಗಡಿಯಲ್ಲಿ ಸಿಗಲಿಲ್ಲ. ಮರುದಿನ ಅಜ್ಜಿಯ ಮನೆಯಲ್ಲಿ ಸಿಕ್ಕಿತು.

ಪಡಸಾಲೆಯ ಒಂದು ಬದಿಗೆ ಕುಣಿಮಗ್ಗ. ನೆಲ ಅಗೆದು ಕಾಲಿಳಿಬಿಟ್ಟು ಕೂರುವ ಗುಣಿ. ಹಾಸಿನ ಎಳೆಗಳಿಗೆ ಹುಣಸೆಬೀಜದ ಗಂಜಿ ಕುಡಿಸಿ ಒಣಗಿಸಿದ್ದರು. ಅದರ ಒಗರು ವಾಸನೆಯೂ ಕುರಿಯುಣ್ಣೆಯ ವಾಸನೆಯೂ ಮನೆಯ ತುಂಬ ಕೂಡಿಕೊಂಡಿದ್ದವು. ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು, ಎಳೆ ಗಿಡ್ಡ. ಆ ನೂಲಿಗೆ ಎಳೆತ ಹೆಚ್ಚಾದರೆ ಹರಿಯುತ್ತದೆ, ಕಡಿಮೆಯಾದರೆ ಗಂಟು ಬೀಳುತ್ತದೆ. ಅದನ್ನು ಸುತ್ತುವ ಯಂತ್ರ ಮೆಲ್ಲಗೆ ಶುರುವಾಗಬೇಕು, ಬೇಕಾದ ವೇಗಕ್ಕೆ ಬರಬೇಕು, ಬಂದ ಮೇಲೆ ಅಲ್ಲೇ ನಿಲ್ಲಬೇಕು. ಸಾಮಾನ್ಯ ಎ.ಸಿ. ಮೋಟರಿನ ವೇಗವನ್ನು 50ರ ಆವರ್ತನವೇ ಕಟ್ಟಿಹಾಕಿರುತ್ತದೆ. ಹೊಲಿಗೆಯಂತ್ರದ ಮೋಟರಿನ ವೇಗ ಬದಲಿಸಬಹುದು, ಆದರೆ ಅದು ಮಿಕ್ಸಿಯ ಜಾತಿಯದು. ನೂಲು ಹರಿದು ಹೊರೆ ತಪ್ಪಿದ ಕೂಡಲೇ ಕಿರುಚಿಕೊಂಡು ಓಡುತ್ತದೆ. ಶಂಟ್ ಮೋಟರು ಹೊರೆ ಇದ್ದರೂ ಇಲ್ಲದಿದ್ದರೂ ಹೆಚ್ಚುಕಡಿಮೆ ಒಂದೇ ನಡಿಗೆ. ಸಮಾಧಾನದ ಪ್ರಾಣಿ.

ಮಿಸ್ತ್ರಿ ಬಲ್ಬಿನ ಜಾಗದಲ್ಲಿ ತಮ್ಮ ಹಳೆಯ ಡಿಮ್ಮರ್‌ಸ್ಟ್ಯಾಟ್ ಕೊಟ್ಟು ಕಳಿಸಿದ್ದರು, ದುಂಡನೆಯ ಪೆಟ್ಟಿಗೆ, ಮೇಲೊಂದು ಹಿಡಿ. ಫೀಲ್ಡಿಗೆ ಸದಾ ಪೂರ್ತಿ ವೋಲ್ಟೇಜ್. ಆರ್ಮೇಚರಿನ ಬ್ರಿಜ್‌ಗೆ ಮಾತ್ರ ಈ ಹಿಡಿ ತಿರುಗಿಸಿದಷ್ಟು. ಸೊನ್ನೆಯಿಂದ ಏರಿಸಿದರೆ ನುಗ್ಗುವ ಕರೆಂಟಿನ ಕಾಟವಿಲ್ಲ. ಮಿಡಿಯುವ ಡಿ.ಸಿ.ಗೆ ಆರ್ಮೇಚರ್ ಸ್ವಲ್ಪ ಹೆಚ್ಚು ಕಾಯುವುದರಿಂದ ಮೋಟರನ್ನು ಅದರ ಶಕ್ತಿಯ ಮುಕ್ಕಾಲು ಭಾಗ ಮಾತ್ರ ದುಡಿಸಬೇಕೆಂದು ಹೇಳಿ ಕಳಿಸಿದ್ದರು. ಮೋಟರಿನ ಎರಡು ಇಂಚಿನ ಪುಲ್ಲಿಯಿಂದ ಹನ್ನೆರಡು ಇಂಚಿನ ಗಾಲಿಗೆ ಬೆಲ್ಟು. ಪೂರ್ತಿ ವೇಗದಲ್ಲಿ ಕಂಡಿಕೆಗೆ ನಿಮಿಷಕ್ಕೆ ಸುಮಾರು 250 ಸುತ್ತು. ಅಂಗಳದಲ್ಲಿ ಉಪ್ಪು, ಇದ್ದಿಲು ತುಂಬಿ ಹೊಸ ಅರ್ತಿಂಗ್ ಗುಂಡಿ ತೋಡಿದ್ದರು. ಹುಡುಗನ ತಾಯಿ ಅದಕ್ಕೆ ಒಂದು ಕೊಡ ನೀರು ಸುರಿದು ಬಂದರು.

ಅಜ್ಜಿ ಮೋಟರಿಗೆ ಕುಂಕುಮ ಹಚ್ಚಿದರು. ಎಡಗೈಯಲ್ಲಿ ಹಿಡಿ ತಿರುಗಿಸಿದರು. ಗಾಲಿ ಎಚ್ಚರವಾಯಿತು. ಬಲಗೈಯ ಎರಡು ಬೆರಳ ನಡುವೆ ಕರಿ ನೂಲು ಹಾದು ಕಂಡಿಕೆಗೆ ಸೇರತೊಡಗಿತು. ನೂಲಿನಲ್ಲಿ ದಪ್ಪನೆಯ ಗಂಟೊಂದು ಬಂದಾಗ ಅವರ ಎಡಗೈ ತಾನಾಗಿ ಹಿಡಿಯನ್ನು ಇಳಿಸಿತು. ಗಂಟು ದಾಟಿತು. ಮತ್ತೆ ಏರಿಸಿತು. ಯಾರೂ ಹೇಳಿಕೊಟ್ಟಿರಲಿಲ್ಲ. ಅರವತ್ತು ವರ್ಷ ರಾಟೆಯ ಹಿಡಿ ತಿರುಗಿಸಿದ ಕೈಗೆ ವೇಗದ ಲೆಕ್ಕ ಮೊದಲೇ ಗೊತ್ತಿತ್ತು.

ಒಂದು ಕಂಡಿಕೆ ತುಂಬಿದ ಮೇಲೆ ಅಜ್ಜಿ ಬಲ ಭುಜ ಮುಟ್ಟಿ ನೋಡಿಕೊಂಡರು.

“ನೋವಿಲ್ಲ,” ಎಂದರು.

*

ಸಂಜೆ ರಾಣೆಬೆನ್ನೂರಿನ ರೈಲು ನಿಲ್ದಾಣದಲ್ಲಿ ನಿಂತಿದ್ದೆ. ಹಳಿಯ ಮೇಲೆ 25,000 ವೋಲ್ಟಿನ ಎ.ಸಿ. ತಂತಿ ಚಾಚಿಕೊಂಡಿತ್ತು. ಸರಕು ಗಾಡಿಯನ್ನೆಳೆದುಕೊಂಡು ವಿದ್ಯುತ್ ಎಂಜಿನ್ನೊಂದು ಬಂತು. ಈಗಿನ ಹೊಸ ಎಂಜಿನ್‌ಗಳಲ್ಲಿ ಮೂರು ಫೇಸಿನ ಎ.ಸಿ. ಮೋಟರುಗಳಿವೆ. ಆದರೆ ನಮ್ಮ ರೈಲ್ವೆಯನ್ನು ದಶಕಗಳ ಕಾಲ ಎಳೆದ, ಇಂದಿಗೂ ಎಳೆಯುತ್ತಿರುವ ಡಬ್ಲ್ಯುಎಜಿ-7, ಡಬ್ಲ್ಯುಎಪಿ-4 ಮಾದರಿಯ ಎಂಜಿನ್‌ಗಳು ಮಾಡುವುದು ಮೇಡ್ಲೇರಿಯ ಆ ಕೋಣೆಯಲ್ಲಿ ನಾನು ಕಂಡದ್ದನ್ನೇ. ಮೇಲಿನ ಎ.ಸಿ.ಯನ್ನು ಟ್ರಾನ್ಸ್‌ಫಾರ್ಮರಿನಲ್ಲಿ ಇಳಿಸಿ, ಸಿಲಿಕಾನ್ ಡಯೋಡುಗಳಲ್ಲಿ ಮಡಚಿ, ಡಿ.ಸಿ. ಮೋಟರುಗಳಿಗೆ ಉಣಿಸುತ್ತವೆ. ಚಾಲಕ ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾನೆ, ಅಜ್ಜಿ ಹಿಡಿ ತಿರುಗಿಸಿದ ಹಾಗೆ. ಅಲ್ಲಿರುವುದು ಸೀರೀಸ್ ಮೋಟರು, ಇಲ್ಲಿರುವುದು ಶಂಟ್. ಅಲ್ಲಿ ಎಳೆಯುವುದು ಸಾವಿರಾರು ಟನ್, ಇಲ್ಲಿ ಒಂದು ಎಳೆ ಉಣ್ಣೆ. ವಿದ್ಯೆ ಒಂದೇ.

ಆ ವಿದ್ಯೆ ನಮ್ಮ ಹೋಬಳಿ ಊರುಗಳ ವೈಂಡಿಂಗ್ ಅಂಗಡಿಗಳಲ್ಲಿ, ವಾರ್ನಿಷ್ ವಾಸನೆಯ ನಡುವೆ, ಬೆರಳಿನಿಂದ ಬೆರಳಿಗೆ ದಾಟುತ್ತಿದೆ. ಸುಟ್ಟದ್ದನ್ನು ಎಸೆದು ಹೊಸದು ಕೊಳ್ಳುವ ಕಾಲದಲ್ಲಿ ಬಿಚ್ಚಿ, ಓದಿ, ಸರಿಮಾಡುವವರ ಸಂಖ್ಯೆ ಕಡಿಮೆಯಾಗಬಾರದು. ಐಟಿಐ, ಡಿಪ್ಲೊಮಾ ಓದುವ ಮಕ್ಕಳನ್ನು ರಜೆಯಲ್ಲಿ ಒಂದು ತಿಂಗಳಾದರೂ ಇಂಥ ಅಂಗಡಿಗೆ ಕಳಿಸಿ. ಪುಸ್ತಕದಲ್ಲಿ ಓದಿದ ಎದುರು ವೋಲ್ಟೇಜನ್ನು ಅವರು ಒಂದು ಬಲ್ಬಿನಲ್ಲಿ ಕಣ್ಣಾರೆ ಕಾಣಲಿ. ಮನೆಯ ಅಟ್ಟದಲ್ಲೋ ಗುಜರಿಯಲ್ಲೋ ಹಳೆಯ ಮೋಟರೊಂದು ಸಿಕ್ಕರೆ ಪ್ಲಗ್ಗಿಗೆ ಚುಚ್ಚುವ ಮೊದಲು, ಎಸೆಯುವುದಕ್ಕೂ ಮೊದಲು, ಅದರ ಬೆನ್ನಿನ ಜಿಡ್ಡು ಒರೆಸಿ ಫಲಕ ಓದಿ. ಅರ್ಥವಾಗದಿದ್ದರೆ ಬಲ್ಲ ಮಿಸ್ತ್ರಿಯ ಬಳಿಗೆ ಒಯ್ಯಿರಿ, ಅವರ ಕೈಯಿಂದಲೇ ಜೋಡಣೆ ಮಾಡಿಸಿ. ಅದಕ್ಕೆ ಏನು ಬೇಕೆಂದು ಅದರ ಮೇಲೆಯೇ ಬರೆದಿರುತ್ತದೆ.